ಹಿಂದಿನ ತೂಕ

ಫೋರ್ಕ್‌ಲಿಫ್ಟ್ ಗಾಡಿ ಹತ್ತುವ ಮೊದಲು ನೆಲದ ಮೇಲೆ ನಡೆದು ನೋಡಬೇಕು ಎಂಬುದು ನಿಯಮ. ಹಾಗಾಗಿ ಬೆಳಿಗ್ಗೆ ಏಳೂವರೆಗೇ ಕಬ್ಬಿಣದ ಸರಳು ಹಿಡಿದು ಅಂಗಳದ ತುಂಬ ತಿರುಗುತ್ತಿದ್ದ ಕಾಶಿನಾಥನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದರೆ ಏನು ಹೇಳಬೇಕೆಂಬುದನ್ನು ಅವನು ಮೇಸ್ತ್ರಿ ಓಬಳೆಪ್ಪನ ದನಿಯಲ್ಲಿ ಒಂದು ಸಲ, ಕೊಪ್ಪಳದಿಂದ ಬರುವ ಸೇಫ್ಟಿ ಸಾಹೇಬ ಗೋವಿಂದರಾಜರ ದನಿಯಲ್ಲಿ ಒಂದು ಸಲ ಮನಸ್ಸಿನಲ್ಲೇ ಹೇಳಿಕೊಂಡು ನೋಡಿದ್ದ. ಎರಡೂ ಚೆನ್ನಾಗಿ ಬಂದಿದ್ದವು. ತನ್ನ ದನಿಯಲ್ಲಿ ಹೇಳಲು ಹೋದಾಗ ಮಾತ್ರ ಅದನ್ನು ಎಲ್ಲಿಟ್ಟಿದ್ದೇನೆ ಎಂದು ಹುಡುಕಬೇಕಾಯಿತು. ಸರಳು ಚುಚ್ಚಿದ ಕಡೆ ನೆಲ ಕೆಲವೆಡೆ ಠಣ್ ಎನ್ನುತ್ತಿತ್ತು, ಕೆಲವೆಡೆ ಏನೂ ಅನ್ನದೆ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಕುಷ್ಟಗಿಯಿಂದ ಹನುಮಸಾಗರದ ದಾರಿಯಲ್ಲಿ ಎಡಕ್ಕೆ ಸಿಗುವ ಈ ಗ್ರಾನೈಟ್ ಕಾರ್ಖಾನೆಯ ಅಂಗಳ ಮೊದಲು ಜೋಳದ ಹೊಲವಾಗಿತ್ತು. ಎರೆಮಣ್ಣಿನ ಮೇಲೆ ನಾಲ್ಕು ಲಾರಿ ಮೊರಮು ಸುರಿದು ಅದನ್ನು ಯಾರ್ಡು ಎಂದು ಕರೆದಿದ್ದರು. ಮಣ್ಣಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಮಳೆ ಬಂದರೆ ಹೊಲದ ಹಾಗೆಯೇ ಉಬ್ಬುತ್ತಿತ್ತು, ಬಿಸಿಲಿಗೆ ಹೊಲದ ಹಾಗೆಯೇ ಬಿರಿಯುತ್ತಿತ್ತು, ಕಲ್ಲು ಕೊಯ್ಯುವ ಯಂತ್ರದ ನೀರು ಹರಿದ ಕಡೆ ಮಾರ್ಚ್ ತಿಂಗಳಲ್ಲೂ ರಾಡಿಯಾಗಿ ಗಾಲಿ ನುಂಗುತ್ತಿತ್ತು. ಇಂಥ ನೆಲದಲ್ಲಿ ಗಾಡಿ ಹೊಡೆಯುವುದಕ್ಕೆ ಎದೆ ಬೇಕು ಎಂದು ಓಬಳೆಪ್ಪ ಹೇಳುತ್ತಿದ್ದ. ಸಾಹೇಬರು ಬಂದ ಮೇಲೆ ಎದೆಯ ಬದಲು ಬೆಲ್ಟು ಬೇಕು ಎಂದಾಯಿತು.

ಗೇಟಿನ ಕಡೆ ಬೆನ್ನು ಮಾಡಿ ನಡೆಯುವುದು ಸುಲಭವಿರಲಿಲ್ಲ. ಅಂಗಳದ ಯಾವ ಮೂಲೆಗೆ ಹೋದರೂ ಗೇಟು ಬೆನ್ನಿಗೆ ಹತ್ತಿಕೊಂಡೇ ಇರುತ್ತಿತ್ತು. ದಾರಿಗೆ ಅಡ್ಡವಾಗಿ ಉದ್ದನೆಯ ಕಬ್ಬಿಣದ ಕೊಳವೆ, ಅದರ ಗಿಡ್ಡ ತುದಿಗೆ ತಂತಿಯಿಂದ ಕಟ್ಟಿದ ಕೆಂಪು ಗ್ರಾನೈಟ್ ತುಂಡು, ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಗೇಟು ಕಾಯುವ ಉಡಚಮ್ಮ. ಕಟ್ಟಿದ ಕಲ್ಲು ಬೇಕಾದ್ದಕ್ಕಿಂತ ಒಂದಿಷ್ಟು ಹಗುರ. ಹೀಗಾಗಿ ಯಾರಾದರೂ ಬಂದರೆ ಆಕೆ ಬಡಿಗೆ ಊರಿ ಎದ್ದು, ಕಲ್ಲಿನ ಮೇಲೆ ಮೈಭಾರ ಹಾಕಬೇಕು, ಆಗ ಕೊಳವೆ ಏಳುತ್ತದೆ. ಸರಿಯಾದ ಕಲ್ಲು ಕಟ್ಟಿದ್ದರೆ ಒಂದು ಬೆರಳಿನಲ್ಲಿ ಏಳುತ್ತಿತ್ತು. ಕಲ್ಲಿನ ಕಾರ್ಖಾನೆಯಲ್ಲಿ ಇನ್ನೊಂದು ತುಂಡು ಕಲ್ಲು ಸಿಗದೆ ಎರಡು ವರ್ಷದ ಮೇಲಾಗಿತ್ತು.

"ಕಾಶಪ್ಪ, ಒಂಚೂರು ನಿಲ್ಲು," ಎಂದಿದ್ದಳು ಆಕೆ, ಅವನು ಒಳಗೆ ಬರುವಾಗ.

"ಹೊತ್ತಾತಬೇ ಅಕ್ಕ. ಸಾಹೇಬ್ರು ಬರೂ ಹೊತ್ತು."

"ಸಾಹೇಬ್ರು ನನ್ನ ದಾಟೇ ಬರಬೇಕಲ್ಲ. ಇನ್ನೂ ಬಂದಿಲ್ಲ." ಕೊಳವೆ ಎತ್ತಿರಲಿಲ್ಲ. "ಇವತ್ತ ನನ್ನ ಮಗಳು ಸಹನಾ ಬರ್ತಾಳ. ಸೇಫ್ಟಿ ದಿನ, ಮನ್ಯಾಗಿನವರನ್ನೂ ಊಟಕ್ಕ ಕರಕೊಂಡ ಬರ್ರಿ ಅಂತ ಬರದು ಹಚ್ಯಾರ."

"ಬರ್ಲಿ. ಛಲೋ ಆತು. ಹುಗ್ಗಿ ಮಾಡಸ್ಯಾರಂತ."

"ಆಕಿಗೆ ನೀ ಒಂದು ಮಾತು ಹೇಳಬೇಕು. ಎಲ್ಲಾರ ಮುಂದ ಬ್ಯಾಡ, ಆಕಿ ಒಬ್ಬಾಕಿಗೆ. ನಿಮ್ಮವ್ವ ತಾನಾಗೇ ಗಾಡಿ ಹತ್ತಲಿಲ್ಲ, ನಾ ಕರದೆ, ಅದಕ್ಕ ಹತ್ತಿದ್ಲು ಅಂತ. ಅಷ್ಟ."

ಅವನು ಮೊಪೆಡ್ಡಿನ ಬ್ರೇಕು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡಿದ. "ನೀನ ಹೇಳಬಹುದಲ್ಲಬೇ."

"ಹೇಳೀನಿ. ಕಾಗದ ತೋರಸ್ತಾಳ. ಚೇಷ್ಟೆಗಾಗಿ ಸ್ವಇಚ್ಛೆಯಿಂದ ಏರಿದ್ದು ಅಂತ ಬರದೈತಂತಲ್ಲ, ಅದರ ಕೆಳಗ ನನ್ನ ಹೆಬ್ಬಟ್ಟು, ನಿನ್ನ ಸಹಿ. ಕಾಲೇಜು ಕಲಿಯಾಕಿ, ಕಾಗದ ನಂಬತಾಳ. ಮೊನ್ನಿ ಮಾತಿಗೆ ಮಾತು ಬಂತು. ಮೋಜು ಮಾಡಾಕ ಹೋಗಿ ಕಾಲು ಕಳಕೊಂಡಾಕಿ, ನೀ ನನಗೇನು ಬುದ್ಧಿ ಹೇಳ್ತಿ ಅಂದ್ಲು."

ಬಸ್ಸು ತಡವಾಯಿತು ಎನ್ನುವವರ ಹಾಗೆ ಹೇಳಿದ್ದಳು. ಅವನು ಏನಾದರೂ ಅನ್ನಬೇಕಾಗಿತ್ತು. "ಹೇಳ್ತೀನಿ ತಗೊ" ಅಂದುಬಿಟ್ಟಿದ್ದ. ಆಮೇಲೆ ಆಕೆ ಕಲ್ಲಿನ ಮೇಲೆ ಭಾರ ಹಾಕಿದಳು, ಕೊಳವೆ ಎದ್ದಿತು, ಅವನು ಒಳಗೆ ಬಂದ. ಬಂದ ಗಳಿಗೆಯಿಂದ ನೆಲ ಚುಚ್ಚುತ್ತಿದ್ದ.

ಚೇಷ್ಟೆ ಎಂಬ ಶಬ್ದ ಓಬಳೆಪ್ಪನದೂ ಅಲ್ಲ, ತನ್ನದೂ ಅಲ್ಲ. ಅಪಘಾತದ ಕಾಗದ ಬರೆದ ಆಫೀಸಿನವನು ಎಲ್ಲಿಂದ ತಂದನೋ. ಎರಡು ಸಾವಿರದ ಹನ್ನೊಂದರ ಶ್ರಾವಣದಲ್ಲಿ ಕಂಟೇನರು ಅವತ್ತೇ ಹೊರಡಬೇಕಿತ್ತು, ಕ್ರೇನು ಇಳಕಲ್ಲಿಗೆ ಹೋಗಿತ್ತು, ಚೌಕಟ್ಟಿಗೆ ಬಿಗಿದು ನಿಲ್ಲಿಸಿದ ಕಲ್ಲಿನ ಹಲಗೆಗಳು ಫೋರ್ಕ್‌ಲಿಫ್ಟು ಎತ್ತಬಹುದಾದ್ದಕ್ಕಿಂತ ಹೆಚ್ಚು ಭಾರವಿದ್ದವು. ಮುಂದೆ ಎರಡು ಕಬ್ಬಿಣದ ಕೋಡು ಚಾಚಿಕೊಂಡ ಆ ಗಾಡಿಯನ್ನು ಹೆಂಗಸರು ಕೋಡಿನ ಗಾಡಿ ಎನ್ನುತ್ತಿದ್ದರು. ಕೋಡಿನ ಮೇಲೆ ಭಾರ ಹೆಚ್ಚಾದರೆ ಹಿಂದಿನ ಗಾಲಿ ನೆಲ ಬಿಡುತ್ತದೆ, ಗಾಡಿ ನಮಾಜಿಗೆ ಬಗ್ಗಿದ ಹಾಗೆ ಮುಂದಕ್ಕೆ ಬಾಗುತ್ತದೆ. ಅದಕ್ಕೆ ಅಂಗಳದಲ್ಲಿ ಒಂದೇ ಮದ್ದು ಇತ್ತು. ಹಿಂದೆ ಇಬ್ಬರನ್ನು ಕೂಡಿಸುವುದು. ಇದನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ. ಕಾಶಿನಾಥ ಬರುವ ಹೊತ್ತಿಗೆ ಅದು ಗಾಡಿಯ ಒಂದು ಭಾಗವೇ ಆಗಿತ್ತು. ಕಲ್ಲು ತೊಳೆಯುವ ಹೆಂಗಸರಲ್ಲಿ ಮೈಕಟ್ಟಿನವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಕರೆಸಿಕೊಂಡವರಿಗೆ ಒಂದು ಹೆಮ್ಮೆಯೂ ಇರುತ್ತಿತ್ತು. ಹತ್ತು ನಿಮಿಷ ನೀರಿನಿಂದ ಕೈ ತೆಗೆಯಬಹುದು, ಎತ್ತರದಲ್ಲಿ ಕೂಡಬಹುದು, ಉಳಿದವರು ಕೆಳಗೆ ನಿಂತು ನೋಡುತ್ತಾರೆ. ಉಡಚಮ್ಮ ಅಂತೂ ಖಾಯಂ. ತೂಕದ ಮನುಷ್ಯಳು ಎಂದು ಕಾಶಿನಾಥನೇ ಹೆಸರಿಟ್ಟಿದ್ದ. ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ತನ್ನ ಮೈಯನ್ನು ಯಾರೂ ಕೆಲಸಕ್ಕೆ ಬರುತ್ತದೆ ಅಂದಿರಲಿಲ್ಲ ಎಂದು ಆಕೆ ನಕ್ಕಿದ್ದು ಅವನಿಗೆ ನೆನಪಿತ್ತು. ಅವತ್ತು ಹಿಂದೆ ಹತ್ತಿದವರು ಆಕೆ ಮತ್ತು ಆಕೆಯ ಜೊತೆ ಕಲ್ಲು ತೊಳೆಯುತ್ತಿದ್ದ ಮಾರೆವ್ವ. ಆ ದಿನದ್ದು ಅವನಿಗೆ ಎಲ್ಲವೂ ನೆನಪಿತ್ತು. ರಾಡಿಯ ಬಣ್ಣ, ಮಾರೆವ್ವನ ಹಸಿರು ಸೀರೆಗೆ ಹತ್ತಿದ ಗ್ರೀಸು, ಉಡಚಮ್ಮ ಹತ್ತುವಾಗ ತಾನು ಕೈ ಕೊಟ್ಟದ್ದು. ಹತ್ತುವಾಗ ತಾನು ಆಡಿದ ಒಂದು ಮಾತು ಮಾತ್ರ ಎಷ್ಟು ತಡಕಾಡಿದರೂ ಸಿಗುತ್ತಿರಲಿಲ್ಲ. ಕರೆದದ್ದು ಗೊತ್ತು. ಕರೆದ ಮೇಲೆ ಇನ್ನೇನೋ ಅಂದಿದ್ದೆ. ಅದು ಮೊರಮಿನ ಕೆಳಗಿನ ಎರೆಯ ಹಾಗೆ ಸರಳಿಗೆ ತಾಗದೆ ಸರಿದುಕೊಳ್ಳುತ್ತಿತ್ತು.

ಗೋವಿಂದರಾಜರು ಹತ್ತು ಗಂಟೆಗೆ ಬಂದರು. ಶಾಮಿಯಾನದ ಕೆಳಗೆ ಕುರ್ಚಿಗಳು, ಕುರ್ಚಿಯಲ್ಲಿ ಎಂದೂ ಕೂಡದವರು ಕುರ್ಚಿಯ ತುದಿಗೆ ಕೂತಿದ್ದರು. ಮನೆಯವರೆಲ್ಲ ಬಂದಿದ್ದರು. ಕಾಶಿನಾಥನ ಹೆಂಡತಿ ಹೇಮಾವತಿ ಮದುವೆಗೆ ಉಡುವ ಸೀರೆ ಉಟ್ಟು ಎರಡನೇ ಸಾಲಿನಲ್ಲಿದ್ದಳು, ಇವತ್ತು ಗಂಡನಿಗೆ ಕಾರ್ಡು ಕೊಡುತ್ತಾರೆಂದು. ಒಂಬತ್ತು ವರ್ಷ ಯಾವ ಕಾರ್ಡೂ ಇಲ್ಲದೆ ಗಾಡಿ ಹೊಡೆದವನು ಇವತ್ತಿನಿಂದ ಅಧಿಕೃತ ಚಾಲಕ. ಕಾರ್ಡಿನ ಜೊತೆ ಹಳದಿ ಹೆಲ್ಮೆಟ್ಟು. ಸಹನಾ ಗೇಟಿನ ಹತ್ತಿರ ಅವ್ವನ ಕುರ್ಚಿಯ ಪಕ್ಕ ನಿಂತಿದ್ದಳು. ಕಾಲೇಜಿನ ಚೀಲ ಇನ್ನೂ ಹೆಗಲ ಮೇಲಿತ್ತು. ಆ ಚೀಲದಲ್ಲಿ ಆ ಕಾಗದ ಇರಬಹುದೇ ಎಂದು ಕಾಶಿನಾಥನಿಗೆ ಅನಿಸಿತು. ಇರಲಾರದು, ಕಾಲೇಜಿಗೆ ಯಾಕೆ ಒಯ್ಯುತ್ತಾಳೆ. ಆದರೆ ಓದಿದ ಹುಡುಗಿ. ಕರೆದವನು ನಾನೇ ಅಂದರೆ ಸುಮ್ಮನಿರುತ್ತಾಳೆಯೇ. ಎಲ್ಲಿಗೋ ಹೋಗಿ ಏನೋ ಬರೆದುಕೊಡುತ್ತಾಳೆ. ಕಾರ್ಡು ಬಂದ ದಿನವೇ ಹೋಗುತ್ತದೆ. ನಾಳೆಯಿಂದ ಮತ್ತೆ ಉಳಿ ಸುತ್ತಿಗೆ, ಕಲ್ಲಿನ ಪುಡಿ, ಕೆಮ್ಮು. ಉಡಚಮ್ಮ ಎಲ್ಲರ ಮುಂದೆ ಬೇಡ ಅಂದದ್ದು ನೆನಪಾಗಿ ಅವನಿಗೆ ಒಂಥರ ಸಿಟ್ಟು ಬಂತು. ಎಲ್ಲರ ಮುಂದೆ ಹೇಳು ಅಂದಿದ್ದರೆ ಆಗುವುದಿಲ್ಲ ಅನ್ನಬಹುದಿತ್ತು.

"ನೆಲ ಸಮತಟ್ಟಾಗಿಲ್ಲದ ಕಡೆ ಭಾರವನ್ನು ನೆಲಕ್ಕೆ ಹತ್ತಿರದಲ್ಲೇ ಇಟ್ಟುಕೊಂಡು ಚಲಿಸಬೇಕು. ಓಕೆನಾ?" ಎಂದರು ಗೋವಿಂದರಾಜರು. ಅವರ ಪ್ರತಿ ವಾಕ್ಯಕ್ಕೂ ಓಕೆ ಎಂಬ ಬಾಲವಿತ್ತು. "ಇಳಿಜಾರಿನಲ್ಲಿ ತಿರುಗಿಸಬಾರದು. ಓಕೆನಾ? ಭಾರ ಕಣ್ಣಿಗೆ ಅಡ್ಡ ಬಂದರೆ ಹಿಮ್ಮುಖವಾಗಿ ಚಲಿಸಬೇಕು, ಚಲಿಸುವ ಕಡೆಗೇ ನೋಟವಿರಬೇಕು. ಗಾಡಿ ಉರುಳಿದರೆ ಜಿಗಿಯಬಾರದು. ಇನ್ನು ಹೇಳಿ, ಹಿಂದಿನ ತೂಕಕ್ಕೆ ಮನುಷ್ಯರನ್ನು ಕೂರಿಸಬಹುದಾ?"

"ಇಲ್ಲರಿ," ಎಂದರು ಎಲ್ಲರೂ, ಶಾಲೆಯ ಮಕ್ಕಳ ಹಾಗೆ. ಎಲ್ಲರಿಗಿಂತ ಗಟ್ಟಿಯಾಗಿ ಅಂದವನು ಓಬಳೆಪ್ಪ.

"ಯಾಕೆ ಕೂರಿಸಬಾರದು ಅನ್ನೋದಕ್ಕೆ ಉದಾಹರಣೆ ನಮ್ಮ ಗೇಟಿನಲ್ಲೇ ಇದೆ." ಸಾಹೇಬರು ಕೈ ಮಾಡಿ ತೋರಿಸಿದರು. ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನಕ್ಷೆಯಲ್ಲಿ ಊರು ತೋರಿಸುವವರ ಹಾಗೆ ತೋರಿಸಿದ್ದರು. "ಒಂದು ಕ್ಷಣದ ಚೇಷ್ಟೆ. ಜೀವನಪೂರ್ತಿ ಶಿಕ್ಷೆ. ಓಕೆನಾ?"

ಅರವತ್ತು ತಲೆಗಳು ಗೇಟಿನ ಕಡೆ ತಿರುಗಿದವು. ಉಡಚಮ್ಮ ಬಡಿಗೆಯ ಮೇಲೆ ಕೈ ಇಟ್ಟು ಸೀದಾ ಕೂತಿದ್ದಳು, ಫೋಟೋ ತೆಗೆಯುವಾಗ ಕೂತ ಹಾಗೆ. ಸಹನಾ ಅವ್ವನಿಂದ ಒಂದು ಹೆಜ್ಜೆ ಆಚೆ ಸರಿದಳು. ಒಂದೇ ಹೆಜ್ಜೆ. ಬಿಸಿಲಿಗೆ ಸರಿದಳೆಂದರೂ ನಡೆಯುತ್ತಿತ್ತು. ತಲೆ ತಿರುಗಿಸದೆ ಉಳಿದಿದ್ದವನು ಕಾಶಿನಾಥ ಒಬ್ಬನೇ. ಹೀಗಾಗಿ ಸಾಹೇಬರ ಕಣ್ಣಿಗೆ ಬಿದ್ದವನೂ ಅವನೇ. "ಬನ್ನಿ ಕಾಶಿನಾಥ್, ಮಾಡಿ ತೋರಿಸಿ," ಎಂದರು.

ಗಾಡಿ ಹತ್ತಿ ಬೆಲ್ಟು ಕಟ್ಟಿಕೊಂಡ. ಕೋಡುಗಳನ್ನು ಕಲ್ಲಿನ ಚೌಕಟ್ಟಿನ ಕೆಳಗೆ ಪೂರ್ತಿ ತೂರಿಸಿ, ಗೇಣು ಎತ್ತರಕ್ಕೆ ಎತ್ತಿ, ಕೋಡು ಹಿಡಿದ ಕಂಬವನ್ನು ತನ್ನ ಕಡೆಗೆ ಬಾಗಿಸಿಕೊಂಡ. ಎಲ್ಲ ಪುಸ್ತಕದಂತೆ. ಬೆಳಿಗ್ಗೆ ಸರಳು ಚುಚ್ಚಿ ಸುಣ್ಣದ ಪುಡಿ ಹಾಕಿ ಗುರುತು ಮಾಡಿದ ದಾರಿಯಲ್ಲಿ ಗಾಡಿ ತೂಗುತ್ತ ಹೋಯಿತು. ಇವತ್ತಿನ ಕಲ್ಲು ಹಗುರದ್ದು, ಗಾಡಿ ತನ್ನ ಕಾಲ ಮೇಲೆ ತಾನೇ ನಿಂತಿತ್ತು. ಆದರೂ ಬೆನ್ನಿಗೆ ಖಾಲಿ ಅನಿಸಿತು. ಒಂಬತ್ತು ವರ್ಷದಲ್ಲಿ ಏಳು ವರ್ಷ ಬೆನ್ನ ಹಿಂದೆ ಯಾರಾದರೂ ಇರುತ್ತಿದ್ದರು, ಎಲೆ ಅಡಿಕೆಯ ವಾಸನೆ, ಬಳೆಯ ಸದ್ದು, ನಗು. ನಗು ಯಾಕಿರುತ್ತಿತ್ತು. ಅವನು ನಗಿಸುತ್ತಿದ್ದ, ಅದಕ್ಕೆ. ನೀರಿನ ತೊಟ್ಟಿಯ ಪಕ್ಕದ ತಿರುವು ಬಂತು. ಅವತ್ತಿನ ಗುಂಡಿ ಇಲ್ಲೇ, ಅದಕ್ಕೆ ಆಮೇಲೆ ಎರಡು ಬುಟ್ಟಿ ಮೊರಮು ಸುರಿದಿದ್ದರು. ಈಗಲೂ ಅದು ಸ್ವಲ್ಪ ತಗ್ಗಾಗಿ, ಬಾಡಿದ ಗಲ್ಲದ ಹಾಗೆ ಕಾಣುತ್ತಿತ್ತು. ಅವತ್ತು ಕಾಣಲಿಲ್ಲ. ಕಾಣುವಂತಿರಲಿಲ್ಲ. ಮುಂದೆ ಕಲ್ಲು ಅಡ್ಡವಿತ್ತು ಎಂದು ಕಾಗದದಲ್ಲಿ ಬರೆಸಿದ್ದ, ಅದು ಸುಳ್ಳಲ್ಲ. ಆದರೆ ಕಲ್ಲು ಅಡ್ಡವಿಲ್ಲದಿದ್ದರೂ ಕಾಣುತ್ತಿರಲಿಲ್ಲ, ಯಾಕೆಂದರೆ ಅವನ ಮುಖ ಹಿಂದಕ್ಕಿತ್ತು. ಪೂರ್ತಿ ತಿರುಗಿ ಕೂತು ಆ ಇಬ್ಬರಿಗೆ ಓಬಳೆಪ್ಪನನ್ನು ಮಾಡಿ ತೋರಿಸುತ್ತಿದ್ದ. ಓಬಳೆಪ್ಪ ಕೆಮ್ಮುವುದು, ಕೆಮ್ಮಿ ಉಗುಳುವುದು, ಉಗುಳಿ ಬೈಯುವುದು. ಕೆಮ್ಮು ಮುಗಿದು ಉಗುಳುವ ಜಾಗಕ್ಕೆ ಬಂದಿದ್ದ. ಮುಂದಿನ ಗಾಲಿ ಗುಂಡಿಗೆ ಇಳಿಯಿತು, ಹಿಂದು ಎದ್ದಿತು, ಕಲ್ಲು ಕೋಡಿನಿಂದ ಜಾರಿತು, ಭಾರ ಕಳೆದುಕೊಂಡ ಗಾಡಿಯ ಹಿಂದು ಧಪ್ಪನೆ ನೆಲಕ್ಕೆ ಬಂತು. ಮಾರೆವ್ವ ಆಚೆ ಬಿದ್ದು ಎದ್ದಳು, ಅದೇ ವಾರ ಕೆಲಸ ಬಿಟ್ಟು ಹೋದಳು. ಉಡಚಮ್ಮ ಈಚೆ ಬಿದ್ದಳು. ಗಾಲಿಯ ಕೆಳಗೆ ಆಕೆಯ ಕಾಲು, ಹಿಮ್ಮಡಿಯಿಂದ ಮೊಣಕಾಲಿನವರೆಗೆ. ಆಕೆ ಕೂಗಿದ್ದು ಆಮೇಲೆ. ಮೊದಲ ಒಂದು ಕ್ಷಣ ಅವಳ ಮುಖದಲ್ಲಿ ಅವನ ಓಬಳೆಪ್ಪನಿಗೆ ನಕ್ಕ ನಗು ಇನ್ನೂ ಹಾಗೇ ಇತ್ತು.

ತಗ್ಗನ್ನು ಸುತ್ತು ಹಾಕಿ, ಕಲ್ಲನ್ನು ಮೊಟ್ಟೆ ಇಟ್ಟ ಹಾಗೆ ಇಳಿಸಿದ. ಚಪ್ಪಾಳೆ ಬಿತ್ತು. "ಇದು ಕ್ರಮ," ಎಂದರು ಗೋವಿಂದರಾಜರು. ಕಾರ್ಡನ್ನು ಅವನ ಕೊರಳಿಗೆ ಹಾಕಿ, ಹೆಲ್ಮೆಟ್ಟನ್ನು ತಾವೇ ತಲೆಗಿಟ್ಟರು. ಅದು ಒಂದು ಅಳತೆ ದೊಡ್ಡದಿತ್ತು.

ಹುಗ್ಗಿ ಇನ್ನೂ ಒಲೆಯ ಮೇಲಿತ್ತು. ಹೊತ್ತು ಹೋಗಬೇಕಿತ್ತು. "ಕಾಶಣ್ಣ ಎಲ್ಲಾರ ದನಿ ತಗೀತಾನ್ರಿ ಸಾಹೇಬ್ರ," ಎಂದು ಯಾರೋ ಅಂದರು. ಸಾಹೇಬರು, ಹೌದಾ, ಮಾಡಿ ಮಾಡಿ ಎಂದರು. ಕಾಶಿನಾಥ ಬೇಡವೆಂದ. ಬೇಡವೆನ್ನುವಾಗಲೇ ಗಂಟಲು ತಾನಾಗಿ ಸಿದ್ಧವಾಗುತ್ತಿತ್ತು. ಗುಂಪಿನ ಮುಂದೆ ನಿಂತರೆ ಅವನ ಗಂಟಲು ಹೀಗೆಯೇ, ಹಿಂಡಿ ಕಂಡ ಎಮ್ಮೆಯ ಕೆಚ್ಚಲು.

ಓಬಳೆಪ್ಪನಿಂದ ಶುರು ಮಾಡಿದ. ಕೆಮ್ಮಿ, ಉಗುಳಿ, "ಏನಲೇ, ಕ್ರೇನು ಮೊನ್ನಿ ಇಳಕಲ್ಲಿಗೆ ಹೋಗಿತ್ತು, ನಿನ್ನಿ ಗಂಗಾವತಿಗೆ, ಇವತ್ತ ಹುಲಿಗಿಗೆ. ಕ್ರೇನಿಗೆ ಬೀಗರು ಭಾಳ ಅದಾರ, ನಾ ಏನ್ ಮಾಡ್ಲಿ?" ಓಬಳೆಪ್ಪನೇ ತೊಡೆ ತಟ್ಟಿ ನಕ್ಕ. ಆಮೇಲೆ ಸಾಹೇಬರು. "ಗಾಡಿ ಉರುಳುವಾಗ ಜಿಗಿಯಬಾರದು. ಓಕೆನಾ? ಉರುಳಿದ ಮೇಲೆ ಫಾರಂ ತುಂಬಬೇಕು. ಓಕೆನಾ? ಫಾರಂ ತುಂಬುವ ತನಕ ಸಾಯಬಾರದು. ಓಕೆನಾ?" ಗೋವಿಂದರಾಜರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೇಮಾವತಿ ಅಕ್ಕಪಕ್ಕದವರ ಮುಖ ನೋಡಿ ನೋಡಿ ನಗುತ್ತಿದ್ದಳು.

"ಉಡಚಕ್ಕಂದ ಮಾಡೊ," ಎಂದಿತು ಹಿಂದಿನ ಸಾಲಿನ ಒಂದು ದನಿ.

ಆಕೆಯದನ್ನು ಅವನು ಎರಡೂವರೆ ವರ್ಷದಿಂದ ಮಾಡಿರಲಿಲ್ಲ. ಆಗುವುದಿಲ್ಲ ಅನ್ನಲು ಬಾಯಿ ತೆರೆದವನಿಗೆ ಗೇಟಿನ ಕಡೆಯಿಂದ ಶಾಮಿಯಾನದ ನೆರಳಿನತ್ತ ಬರುತ್ತಿದ್ದ ಸಹನಾ ಕಂಡಳು. ಅವ್ವನೂ ಹಿಂದೆ ಬಡಿಗೆಯೂರಿ ಬರುತ್ತಿದ್ದಳು. ತಟ್ಟನೆ ಹೊಳೆಯಿತು. ಆಕೆಯ ದನಿಯಲ್ಲೇ ಹೇಳಿಬಿಟ್ಟರೆ ಎಷ್ಟು ಸುಲಭ. ಹೇಳಿದಂತೆಯೂ ಆಯಿತು. ಮಾತು ಕೊಟ್ಟಿದ್ದೆ, ಕೊಟ್ಟ ಮಾತು ನಡೆಸಿದಂತೆಯೂ ಆಯಿತು. ಅವನು ಸೊಂಟದ ಮೇಲೆ ಕೈ ಇಟ್ಟು, ಕತ್ತು ಒಂಚೂರು ಎಡಕ್ಕೆ ವಾಲಿಸಿ, ಆಕೆಯ ಆ ಎಳೆಯುವ ರಾಗದಲ್ಲಿ ಹೊರಟ. "ನಾ ಎಲ್ಲಿ ಹತ್ತಿದ್ನೋ ಯಪ್ಪಾ. ನನಗೇನು ಹುಚ್ಚ ಹಿಡದಿತ್ತೇನು? ಆ ಕಾಶ್ಯಾ ಕರದಾ. ನೀ ಕುಂತ್ರ ಗಾಡಿ ನೆಟ್ಟಗ ನಿಲ್ತೈತಬೇ ಅಂದಾ. ಅಯ್ಯ, ನನ್ನಿಂದ ಒಂದು ಗಾಡಿರ ನೆಟ್ಟಗಾಗಲಿ ಅಂತ ಹತ್ತಿ ಕುಂತೆ."

ಶಾಮಿಯಾನ ಹಾರಿಹೋಗುವಂತೆ ನಕ್ಕರು. ಓಬಳೆಪ್ಪ ಮಾತ್ರ ಅರ್ಧ ನಕ್ಕು, ಸಾಹೇಬರ ಮುಖ ನೋಡಿ, ಅವರು ನಗುತ್ತಿರುವುದನ್ನು ಖಾತ್ರಿ ಮಾಡಿಕೊಂಡು ಉಳಿದರ್ಧ ನಕ್ಕ. ಸಹನಾಳೂ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದು, ಅವ್ವನ ಕಡೆ ತಿರುಗಿ, ಅವ್ವ ಹೌದಲ್ಲ, ಹೀಗೇ ಮಾತಾಡುತ್ತೀಯಲ್ಲ ಎನ್ನುವ ಕಣ್ಣಿನಿಂದ. ಉಡಚಮ್ಮ ಬಂದ ದಾರಿಯಲ್ಲೇ ತಿರುಗಿ ಗೇಟಿನ ಕಡೆ ನಡೆದಳು. ಮರದ ಕಾಲು ಮೊರಮಿನ ಮೇಲೆ ಒಂದು ಥರ, ಎರೆಯ ಮೇಲೆ ಒಂದು ಥರ ಸದ್ದು ಮಾಡುತ್ತಿತ್ತು. ನೆಲ ನೋಡಿ ನಡೆಯುತ್ತಿದ್ದಳು. ಅಂಗಳದಲ್ಲಿ ಆ ನಿಯಮವನ್ನು ತಪ್ಪದೆ ಪಾಲಿಸುವವಳು ಆಕೆ ಒಬ್ಬಳೇ ಇರಬೇಕು.

ಊಟಕ್ಕೆ ಕೂತಾಗ ಕಾಶಿನಾಥ ಎರಡು ಸಲ ಹುಗ್ಗಿ ಹಾಕಿಸಿಕೊಂಡ. ಹೇಳಿದ್ದೇನೆ. ಹೇಳಿಲ್ಲ ಅಂತ ಯಾರೂ ಅನ್ನುವ ಹಾಗಿಲ್ಲ. ಹೇಳಿದ್ದೀಯ ಅಂತಲೂ ಯಾರೂ ಅನ್ನುವ ಹಾಗಿಲ್ಲ. ಇಂಥ ಸಮತೂಕ ಅವನ ಗಾಡಿಗೂ ಎಂದೂ ಸಿಕ್ಕಿರಲಿಲ್ಲ. ಎರಡನೆಯ ಸಲದ್ದನ್ನು ಮಾತ್ರ ಅರ್ಧಕ್ಕೇ ಬಿಟ್ಟು ಎದ್ದ. ಬೆಲ್ಲ ಹೆಚ್ಚಾಗಿತ್ತೋ ಏನೋ.

ಮೂರು ಗಂಟೆಗೆ ಹೇಮಾವತಿಯನ್ನು ಉಳಿದ ಹೆಂಗಸರ ಜೊತೆ ಟೆಂಪೋದಲ್ಲಿ ಕಳಿಸಿ, ಮೊಪೆಡ್ಡು ತಳ್ಳಿಕೊಂಡು ಗೇಟಿಗೆ ಬಂದ. ಹೆಲ್ಮೆಟ್ಟು ತಲೆಯ ಮೇಲೇ ಇತ್ತು. ಸಹನಾ ಅವ್ವನ ಬುತ್ತಿಗಂಟು ಕಟ್ಟುತ್ತಿದ್ದಳು. ಅವನನ್ನು ನೋಡಿ ಮತ್ತೆ ನಗು ಬಂದು ತುಟಿ ಕಚ್ಚಿದಳು. "ಭಾಳ ಛಲೋ ಮಾಡಿದ್ರಿ ಅಣ್ಣಾರ. ನಮ್ಮವ್ವನೇ ಬಂದು ನಿಂತಂಗಾತು."

ಉಡಚಮ್ಮ ಎದ್ದು ನಿಂತಳು. ಕಲ್ಲಿನ ಮೇಲೆ ಕೈ ಇಟ್ಟಳು. ಭಾರ ಹಾಕಲಿಲ್ಲ.

"ತಮ್ಮಾ, ನನ್ನ ದನಿ ಛಲೋ ತಗದಿ," ಎಂದಳು. "ನಾನೂ ಒಂದು ದನಿ ತಗೀಲೇನು?"

"ನಿನಗೂ ಬರ್ತೈತೇನಬೇ?" ಎಂದಳು ಸಹನಾ.

ಉಡಚಮ್ಮ ಕೆಮ್ಮಲಿಲ್ಲ, ಕೈ ಕತ್ತು ಯಾವುದನ್ನೂ ಆಡಿಸಲಿಲ್ಲ. ಮಗಳ ಕಡೆಯೂ ನೋಡದೆ, ಅವನ ಕೊರಳಿನ ಕಾರ್ಡನ್ನು ನೋಡುತ್ತ ಹೇಳಿದಳು. "ಬಾರಬೇ ಉಡಚಕ್ಕ. ನಿನ್ನ ಬಿಟ್ರ ಈ ಅಂಗಳದಾಗ ತೂಕದ ಮನಷ್ಯಾಳು ಯಾರದಾರ? ನೀ ಏನೂ ನೋಡಬ್ಯಾಡ, ಸುಮ್ನ ಕುಂಡ್ರು. ಗುಂಡಿ ಬಂದ್ರ ನಾ ಹೇಳ್ತೀನಿ."

ಆ ದನಿಯನ್ನು ಕಾಶಿನಾಥ ಹಿಂದೆಂದೂ ಕೇಳಿರಲಿಲ್ಲ. ಸಿಹಿಯಾಗಿತ್ತು. ಮಾತಿನ ಕೊನೆಗೆ ಮೂಗಿನಿಂದ ಸ್ವಲ್ಪ ಎಳೆಯುತ್ತಿತ್ತು, ಹಗ್ಗ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಬೆಲ್ಲ ತೋರಿಸಿ ಕರು ಕರೆಯುವವನ ದನಿ. ಗುಂಡಿ ಬಂದ್ರ ನಾ ಹೇಳ್ತೀನಿ. ಇದೇ. ಬೆಳಿಗ್ಗೆಯಿಂದ, ಎರಡೂವರೆ ವರ್ಷದಿಂದ, ಸರಳಿಗೆ ಸಿಗದೆ ಸರಿಯುತ್ತಿದ್ದ ಮಾತು ಇದೇ. ಇದು ಆಕೆಯ ಬಾಯಲ್ಲಿ ಅಷ್ಟು ದಿನವೂ ಹಾಗೇ ಇತ್ತು, ಒಂದಕ್ಷರ ಸವೆಯದೆ.

ಸಹನಾ ನಗಲಿಲ್ಲ. ನಗಬೇಕೋ ಬೇಡವೋ ಎಂದು ಕಾಯುತ್ತಿದ್ದಳು. "ಯಾರ ದನಿಯಬೇ ಇದು?"

ಉಡಚಮ್ಮ ಈಗ ಕಣ್ಣೆತ್ತಿ ಅವನ ಮುಖ ನೋಡಿದಳು. ಸಿಟ್ಟಿನ ನೋಟವಲ್ಲ, ಲಾರಿಯವನು ಚೀಟಿ ತೋರಿಸಲಿ ಎಂದು ಕಾಯುವ ಗೇಟಿನ ನೋಟ. ಒಂದು ಶಬ್ದ ಸಾಕಾಗಿತ್ತು. ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ, ಆಕೆ ಕೇಳಿದ್ದಂತೆಯೇ ಹುಡುಗಿ ಒಬ್ಬಳೇ ಎದುರಿಗಿದ್ದಳು. ಕೊರಳಲ್ಲಿ ಕಾರ್ಡು ಗಾಳಿಗೆ ತಿರುಗಿ, ಅವನ ಫೋಟೋ ಎದೆಯ ಕಡೆ ಮುಖ ಮಾಡಿತು.

"ಓಬಳೆಪ್ಪಂದು," ಎಂದ ಕಾಶಿನಾಥ. "ಓಬಳೆಪ್ಪಂದಬೇ ತಂಗಿ. ಗೊತ್ತಾಗಲಿಲ್ಲೇನು?"

ಅನ್ನುವಾಗ ತನ್ನ ಕಿವಿಗೇ ಕೇಳಿಸಿತು. ಈಗಷ್ಟೇ ಆಕೆ ತೆಗೆದ ಅದೇ ಸಿಹಿ, ಕೊನೆಗೆ ಮೂಗಿನ ಆ ಎಳೆತ. ಬೇರೆ ಯಾವುದಾದರೂ ದನಿ ಸಿಗುತ್ತದೆಯೇ ಎಂದು ಗಂಟಲಿನಲ್ಲಿ ತಡಕಾಡಿದ. ಇಡೀ ಊರಿನ ದನಿಗಳಿದ್ದ ಗಂಟಲಿನಲ್ಲಿ ಆ ಹೊತ್ತಿಗೆ ಅದೊಂದೇ ಇತ್ತು.

ಸಹನಾ ಅವನನ್ನು ನೋಡಿದಳು. ಅವ್ವನನ್ನು ನೋಡಿದಳು. ಬುತ್ತಿಗಂಟನ್ನು ನಿಧಾನವಾಗಿ ಕುರ್ಚಿಯ ಮೇಲಿಟ್ಟು, "ಸರಿಯಬೇ, ನೀ ಕುಂಡ್ರು," ಎಂದು ಅವ್ವನ ಕೈಯನ್ನು ಕಲ್ಲಿನಿಂದ ತೆಗೆದು, ತಾನೇ ಅದರ ಮೇಲೆ ಎರಡೂ ಕೈ ಊರಿ ಬಗ್ಗಿದಳು. ತೆಳ್ಳಗಿನ ಹುಡುಗಿ. ಅವಳ ತೂಕಕ್ಕೆ ಕೊಳವೆ ಎದೆಮಟ್ಟಕ್ಕೆ ಎದ್ದು ಅಲ್ಲೇ ನಿಂತಿತು. ಇನ್ನೂ ಏಳಲಿ ಎಂದು ಕಾಶಿನಾಥ ಕಾದ. ಉಡಚಮ್ಮ ಕೈ ಹಚ್ಚಲಿಲ್ಲ.

ಅವನು ಮೊಪೆಡ್ಡನ್ನು ವಾಲಿಸಿ, ತಲೆ ತಗ್ಗಿಸಿ, ಸೊಂಟ ಬಗ್ಗಿಸಿ ದಾಟಿದ. ಹೊಸ ಹೆಲ್ಮೆಟ್ಟು ಕೊಳವೆಗೆ ಬಡಿದು, ಒಂದು ಅಳತೆ ದೊಡ್ಡದಾದ್ದರಿಂದ ಕಣ್ಣ ಮೇಲೆ ಇಳಿಯಿತು.